ಅಂತರ್ಜಲವನ್ನು ನಿರ್ಲಕ್ಷಿಸಿ

ಸುಂಟಿಕೊಪ್ಪದ ಬೇಕರಿಯ ಮೇಲಿನ ಕೋಣೆ, ರಾತ್ರಿ ಹನ್ನೊಂದು.
ಕೆಳಗೆ ಒಲೆ ಆರಿದರೂ ನೆಲ ಇನ್ನೂ ಬೆಚ್ಚಗೆ.
ಮಾರ್ಚ್. ಪರೀಕ್ಷೆಗೆ ಹತ್ತೊಂಬತ್ತು ದಿನ.
ಹೊರಗುತ್ತಿಗೆಯ ಇಂಜಿನಿಯರ್ ನಾನು, ಏಳು ವರ್ಷದಿಂದ.
ಇದೇ ಕೊನೆಯ ಸಲ, ಅನ್ನುತ್ತದೆ
ಅರ್ಜಿಯ ವಯಸ್ಸಿನ ಕಾಲಂ.

ಪ್ರಶ್ನೆ ಏಳು.
ನಾಲ್ಕು ಮೀಟರ್ ಎತ್ತರದ ತಡೆಗೋಡೆ.
ಬೆನ್ನಿಗೆ ಒಣ ಮಣ್ಣು, ಎಲ್ಲೆಡೆ ಒಂದೇ ಬಗೆಯದು,
ಘನ ಮೀಟರಿಗೆ ಹದಿನೆಂಟು ಕಿಲೋನ್ಯೂಟನ್,
ಘರ್ಷಣ ಕೋನ ಮೂವತ್ತು.
ಅಂತರ್ಜಲವನ್ನು ನಿರ್ಲಕ್ಷಿಸಿ.
ಗೋಡೆಯನ್ನು ತಳ್ಳುವ ಬಲ ಎಷ್ಟು?

ಮೂರರಲ್ಲೊಂದು, ಅರ್ಧ, ಹದಿನೆಂಟು, ನಾಲ್ಕರ ವರ್ಗ:
ನಲವತ್ತೆಂಟು.
ಕೊನೆಯ ಪುಟ ತಿರುವಿದರೆ ಅಲ್ಲೂ ನಲವತ್ತೆಂಟು.

ಒಣ ಮಣ್ಣು. ಒಂದೇ ಬಗೆಯದು.
ಬರೆದವರದು ಯಾವ ಊರೋ!
ಮಾದಾಪುರದ ತಿರುವಿನಲ್ಲಿ ನಾಲ್ಕು ಮೊಳ ಅಗೆಸಿ ನೋಡಲಿ.
ಮೊದಲು ಕೊಳೆತ ಎಲೆ, ಆಮೇಲೆ ಕೆಂಪು,
ಆಮೇಲೆ ಹಿಡಿದರೆ ಸೋಪಿನಂತೆ ಜಾರುವ ಶೇಡಿ,
ಅದರಡಿ ಸದ್ದಿಲ್ಲದೆ
ಯಾರ ನಕಾಶೆಗೂ ಸಿಗದ ಒಂದು ಒರತೆ.

ಪ್ರಶ್ನೆ ಹನ್ನೊಂದು: ಕಾಂಕ್ರೀಟಿನ ಕುಸಿತ ಪರೀಕ್ಷೆ.
ಕುಸಿತವನ್ನು ಮಿಲಿಮೀಟರಿನಲ್ಲಿ ಬರೆಯಿರಿ.
ಈ ಕಡೆ ಆ ಪದವನ್ನು
ಯಾರೂ ಮಿಲಿಮೀಟರಿನಲ್ಲಿ ಆಡುವುದಿಲ್ಲ.
'ಆ ವರ್ಷ' ಎಂದರೆ ಸಾಕು,
ಯಾವ ವರ್ಷ ಎಂದು ಬಸ್ಸಿನಲ್ಲಿ ಮಗುವೂ ಕೇಳದು.
ಬಿಟ್ಟು ಮುಂದೆ ಹೋದೆ. ಒಂದು ಅಂಕ ತಾನೇ.

ವಿರಾಮ ಕೋನ ಎಂದರೇನು?
ಇದು ಗೊತ್ತು. ಅಪ್ಪ ಎಸ್ಟೇಟಿನಲ್ಲಿ ರೈಟರ್.
ಕಣದಲ್ಲಿ ಕರಿಮೆಣಸು ಸುರಿಯುವಾಗ
ರಾಶಿ ಒಂದು ಮಟ್ಟಕ್ಕೆ ಏರಿ, ಇನ್ನು ಏರಲೊಲ್ಲದೆ,
ಮೇಲೆ ಬಿದ್ದ ಕಾಳನ್ನೆಲ್ಲ ಮೆಲ್ಲಗೆ ಬುಡಕ್ಕೆ ಕಳಿಸುತ್ತಿತ್ತು.
"ಅದಕ್ಕೆ ಸಾಕಾಯ್ತು ನೋಡು" ಎನ್ನುತ್ತಿದ್ದರು.
ಹಾಗೆ ಬರೆದರೆ ಸೊನ್ನೆ.

ನಿದ್ದೆ ಹತ್ತದೆ ಮತ್ತೆ ಏಳಕ್ಕೇ ಬಂದೆ.
ಹೇಳಿದ ಮಾತು ಮೀರಿ
ಗೋಡೆಯ ತಲೆಯವರೆಗೂ ನೀರು ತುಂಬಿಸಿದೆ.
ಮಣ್ಣಿನದು ಇಪ್ಪತ್ತೇಳಕ್ಕೆ ಇಳಿಯಿತು,
ಮುಳುಗಿದ್ದು ಹಗುರಾಗುತ್ತದೆ, ಅದು ನಿಯಮ.
ನೀರಿನದೇ ಎಪ್ಪತ್ತೆಂಟು.
ಕೂಡಿದರೆ ನೂರ ಐದು.
ಅದೇ ಗೋಡೆ.
ಅ, ಆ, ಇ, ಈ: ನೂರ ಐದು ಯಾವುದರಲ್ಲೂ ಇಲ್ಲ.

ಅಂಗನವಾಡಿಯ ಹಿಂದಿನ ಗೋಡೆ ನಾನು ನಿಂತು ಕಟ್ಟಿಸಿದ್ದು.
ಪಾಯ ತೆಗೆದ ದಿನ ಹಂಸ ಮೇಸ್ತ್ರಿ ಕೇಳಿದ್ದು ಇಷ್ಟೇ:
"ನೀರು ಎಲ್ಲಿಂದ ಹೊರಗೆ ಹೋಗೋದು ಮೇಡಂ?"
ಎರಡೆರಡು ಮೀಟರಿಗೆ ಪೈಪು ಇಡಿಸಿದೆ,
ಬೆನ್ನಿಗೆ ಜಲ್ಲಿ ಹಾಕಿಸಿದೆ.
ಉದ್ಘಾಟನೆಯ ಹಿಂದಿನ ಸಂಜೆ ಯಾರೋ
ತೂತುಗಳು ಚೆಂದವಿಲ್ಲವೆಂದು ಗಾರೆ ಮೆತ್ತಿಸಿ
ಮೇಲೆ ಆನೆ, ಚಿಟ್ಟೆ, ಕ ಖ ಗ ಘ ಙ ಬರೆಸಿದರು.
ನೋಡಿದೆ.
ಅಳತೆ ಪುಸ್ತಕಕ್ಕೆ ಸಹಿ ಹಾಕಿದೆ.

ಭಾನುವಾರ ಗೈಡು ಮುಚ್ಚಿಟ್ಟು
ಉಳಿ, ಸುತ್ತಿಗೆ, ಹನ್ನೆರಡು ಎಂಎಂ ಸರಳು.
ಒಂದು ಪೈಪಿನ ಮೇಲೆ ಸರಿಯಾಗಿ ಆನೆಯ ಕಣ್ಣು;
ಹಂಸನ ಕೈ ತಡೆಯಿತು. "ಹೊಡಿ" ಎಂದೆ.
ಒಂದರಿಂದ ಇರುವೆ, ಒಂದರಿಂದ ಬೇರಿನ ಗಂಟು,
ಮೂರು ನಾಲ್ಕರಿಂದ ಏನೂ ಇಲ್ಲ, ಬರೀ ಧೂಳು.
ಯಾವ ಪದವೂ ಕರೆಯದ ಆ ಙ ಇತ್ತಲ್ಲ,
ಅದರ ಹೊಟ್ಟೆ ತೂತಾದದ್ದೇ
ಈ ಬಿರುಬಿಸಿಲ ಮಾರ್ಚಿನಲ್ಲಿ
ಬೆರಳು ದಪ್ಪದ ನೀರು, ತಣ್ಣಗೆ,
ಎಷ್ಟು ದಿನದಿಂದ ಕಾಯುತ್ತಿತ್ತೋ.

ಪರೀಕ್ಷೆಯಲ್ಲಿ ನಲವತ್ತೆಂಟಕ್ಕೇ ಗುರುತು ಹಾಕುವೆ.
ಕೆಲಸ ಬೇಕು ನನಗೆ.

ಹಂಸ ಕೈಯೊಡ್ಡಿ ಗಾರೆ ತೊಳೆದುಕೊಂಡ,
ಆಮೇಲೆ ಸರಳನ್ನೂ ತೊಳೆದ,
ಆಮೇಲೆ ಸುಮ್ಮನೆ ಇನ್ನೊಮ್ಮೆ ಕೈಯನ್ನು.